ಕೊಂಪಿರಾ ಸಾನ್‌ಗೆ ಹೋಗಿ ಬಾ

ಚಿ. ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಹಡಗು ರಿಪೇರಿಗೆಂದು ಜಪಾನಿನ ಸಕಾಯಿದೆ ಬಂದರಿನಲ್ಲಿ ನಿಲ್ಲುತ್ತದಂತೆ, ನಿಮ್ಮಮ್ಮ ಹೇಳಿದಳು. ರಜೆ ಸಿಕ್ಕ ದಿನ ಒಸಾಕಾಕ್ಕೆ ಓಡಬೇಡ. ಕೊತೊಹಿರಾಕ್ಕೆ ರೈಲು ಹತ್ತು. ಅಲ್ಲಿನ ಬೆಟ್ಟದ ಮೇಲಿರುವ ಶಿಂಟೋ (ಜಪಾನಿನ ಮೂಲ ಧರ್ಮ) ದೇಗುಲಕ್ಕೆ ಅಲ್ಲಿನ ನಾವಿಕರೂ ಮೀನುಗಾರರೂ ತಲೆಮಾರುಗಳಿಂದ ಹರಕೆ ಹೊತ್ತು ಬರುತ್ತಾರೆ. ಗಂಗೆಯ ಮೊಸಳೆ ದೇವತೆ ಕುಂಭೀರ ಬೌದ್ಧಧರ್ಮದ ಜೊತೆ ಅಷ್ಟು ದೂರ ಹೋಗಿ ಅಲ್ಲಿ ಕೊಂಪಿರಾ ಆದ. 1868ರಲ್ಲಿ ಸರ್ಕಾರ ಬೌದ್ಧ, ಶಿಂಟೋ ಪೂಜೆಗಳನ್ನು ಬೇರ್ಪಡಿಸಿದ ಮೇಲೆ ಗುಡಿಯ ಪ್ರಧಾನ ದೇವರು ಒಮೊನೊನುಶಿ. ಜನರ ಬಾಯಲ್ಲಿ ಮಾತ್ರ ಇಂದಿಗೂ ಕೊಂಪಿರಾ ಸಾನ್.

ಮುಖ್ಯ ಗುಡಿಗೆ 785 ಮೆಟ್ಟಿಲು. ಬಿಸಿಲೇರುವ ಮೊದಲೇ ಹತ್ತು. ಕೈ, ಬಾಯಿ ತೊಳೆದುಕೊಂಡು ಹೋಗಿ ಎರಡು ಸಲ ಬಾಗು, ಎರಡು ಚಪ್ಪಾಳೆ ತಟ್ಟು, ಮತ್ತೊಮ್ಮೆ ಬಾಗು. ಬೇಡಿಕೊಳ್ಳುವಾಗ ಹಡಗಿನ ಅಡುಗೆಯವನನ್ನೂ ಎಂಜಿನ್ ರೂಮಿನ ಹುಡುಗರನ್ನೂ ನೆನೆ.

ಪಕ್ಕದಲ್ಲೇ ಹರಕೆಯ ಫಲಕಗಳ ಮಂಟಪವಿದೆ, ಎಮಾದೊ ಅನ್ನುತ್ತಾರೆ. ಅಲ್ಲಿ ಅವಸರ ಮಾಡಬೇಡ. ಗೋಡೆ ತುಂಬ ಹಡಗುಗಳ ಚಿತ್ರ, ಫೋಟೊ. 1990ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಜಪಾನಿ ತೊಯೊಹಿರೊ ಅಕಿಯಾಮಾ ಅವರ ಫಲಕವೂ ಉಂಟು. ಹಿಂದೆ ಬೆಟ್ಟ ಹತ್ತಲು ಬಿಡುವಿಲ್ಲದ ನಾವಿಕರು ಕಾಣಿಕೆಯನ್ನು ಪೀಪಾಯಿಯಲ್ಲಿಟ್ಟು, ಕೊಂಪಿರಾನ ಹೆಸರಿನ ಬಾವುಟ ನೆಟ್ಟು ಸಮುದ್ರಕ್ಕೆ ಬಿಡುತ್ತಿದ್ದರು. ಅದು ಸಿಕ್ಕವನು, ಯಾರದೆಂದು ತಿಳಿಯದಿದ್ದರೂ, ಗುಡಿಗೆ ಮುಟ್ಟಿಸುತ್ತಿದ್ದ. ನನಗೆ ಆ ಕ್ಷೇತ್ರದ ಮೇಲೆ ಇಷ್ಟು ಭಕ್ತಿ ಇರುವುದೇ ಇದಕ್ಕೆ ಮಗಾ. ನಡುಗಡಲಲ್ಲಿ ನಿನ್ನ ಕರೆ ಕೇಳಿ ಬರುವವನು ನಿನಗೆ ಗುರುತಿಲ್ಲದವನೇ. ಯಾವುದೋ ಸಣ್ಣ ದೋಣಿಯಿಂದ ಸಹಾಯದ ಕರೆ ಬಂದರೆ, ಅದು ಯಾವ ದೇಶದ್ದೇ ಆಗಿರಲಿ, ಕೇಳಿಸದವನಂತೆ ಇರಬೇಡ. ತಕ್ಷಣ ಕ್ಯಾಪ್ಟನ್‌ಗೆ ಹೇಳು.

ಗುಡಿಯ ಹಳದಿ ರಕ್ಷೆ ಕೊಂಡುಕೋ. ಅದು ಜೇಬಿನಲ್ಲಿದೆಯೆಂದು ಲೈಫ್ ಜಾಕೆಟ್ ಬಿಚ್ಚುವುದು, ಡ್ರಿಲ್ ತಪ್ಪಿಸುವುದು ಮಾತ್ರ ಕೂಡದು.

ಇನ್ನೂ ಮೇಲೆ ಒಳಗುಡಿಯಿದೆ. ಕೆಳಗಿನಿಂದ ಲೆಕ್ಕ ಹಾಕಿದರೆ ಒಟ್ಟು 1368 ಮೆಟ್ಟಿಲು. ಡ್ಯೂಟಿಗೆ ತಡವಾಗುವಂತಿದ್ದರೆ ಅದನ್ನು ಬಿಡು. ಇಳಿದ ಮೇಲೆ ಉಡಾನ್ ಅನ್ನುವ ದಪ್ಪ ಗೋಧಿ ನೂಡಲ್ಸ್ ತಿನ್ನು, ಆ ಸೀಮೆಯದು ಹೆಸರುವಾಸಿ. ಅಮ್ಮನಿಗೊಂದು ಫೋನ್ ಮಾಡು, ನೀನು ಹೊರಟಾಗಿನಿಂದ ಅವಳು ದಿನಾ ಟಿವಿಯಲ್ಲಿ ಚಂಡಮಾರುತದ ಸುದ್ದಿ ನೋಡುತ್ತಾ ಕೂರುತ್ತಾಳೆ.

ಇಂತಿ ನಿನ್ನ
ದೊಡ್ಡಪ್ಪ