ಪುಟ್ಟಿಗೆ ಮೊನಾಲಿಸಾ ತೋರಿಸುವ ಮೊದಲು

ಪ್ಯಾರಿಸ್

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಭಾವ ಫೋನಿನಲ್ಲಿ ಹೇಳಿದರು, ಸಮಾಧಾನವಾಯಿತು. ಬೇಸಿಗೆ ರಜೆಗೆ ನೀವು ಮೂವರೂ ಬರುವುದು ಗಟ್ಟಿಯಾಯಿತಲ್ಲ, ತುಂಬಾ ಖುಷಿಯಾಗಿದೆ. ಪುಟ್ಟಿಗೆ ಮೊದಲ ದಿನವೇ ಮೊನಾಲಿಸಾ ತೋರಿಸಬೇಕು ಅಂತ ಬರೆದಿದ್ದೀಯ. ಖಂಡಿತ ತೋರಿಸೋಣ. ಆದರೆ ಅಲ್ಲಿ ಹೇಗಿರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಗು ಬೇಜಾರು ಮಾಡಿಕೊಳ್ಳುತ್ತದೆ.

ಲೂವ್ರ್ ಮ್ಯೂಸಿಯಂನ ಅತಿ ದೊಡ್ಡ ಕೋಣೆಯಲ್ಲಿ ಆ ಚಿತ್ರ ಇದೆ. ಚಿತ್ರ ಮಾತ್ರ ಚಿಕ್ಕದು. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಗಾಜಿನ ಹಿಂದೆ ಇಟ್ಟಿದ್ದಾರೆ, ಮುಂದೆ ಕಟಕಟೆ. ಸಾಲಿನಲ್ಲಿ ನಿಂತು ಸರಿಯುತ್ತಾ ಹೋಗಬೇಕು. ಬಾಗಿಲಲ್ಲಿ ನಿಂತರೆ ಎತ್ತಿ ಹಿಡಿದ ಫೋನುಗಳೇ ಕಾಣುತ್ತವೆ, ಒಂದೊಂದರ ಪರದೆಯಲ್ಲೂ ಒಂದೊಂದು ಪುಟ್ಟ ಮೊನಾಲಿಸಾ. ಕೊನೆಗೂ ಕಟಕಟೆ ತಲುಪಿದವರು ಏನು ಮಾಡುತ್ತಾರೆ ಗೊತ್ತಾ? ಚಿತ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ಸೆಲ್ಫಿಯಲ್ಲಿ ತಮ್ಮ ಮುಖವೂ ಬರಬೇಕಲ್ಲ. ನಾಲ್ಕು ಫೋಟೊ ಆಗುವಷ್ಟರಲ್ಲಿ ಕಾವಲಿನವರು ಮುಂದಕ್ಕೆ ಕಳಿಸಿಬಿಡುತ್ತಾರೆ. ಅಷ್ಟು ದೂರದಿಂದ ಬಂದು, ಅಷ್ಟು ಹೊತ್ತು ಕಾಲು ನೋಯಿಸಿಕೊಂಡು, ಆಕೆಯನ್ನು ನೋಡದೆಯೇ ಹೋಗಿಬಿಡುತ್ತಾರೆ ಅಕ್ಕ. ನನಗೆ ನಿಜವಾಗಿ ಸಂಕಟವಾಯಿತು.

ಗುಂಪು ಫೋನಿನ ಜೊತೆ ಬಂದದ್ದಲ್ಲ, ಅದು ಹಳೆಯದು. 1911ರ ಆಗಸ್ಟಿನಲ್ಲಿ ಈ ಚಿತ್ರ ಕಳುವಾದಾಗ, ಅದಿದ್ದ ಖಾಲಿ ಗೋಡೆಯನ್ನು ನೋಡಲೂ ಜನ ಸಾಲುಗಟ್ಟಿದ್ದರು! ಎರಡು ವರ್ಷದ ಮೇಲೆ ಫ್ಲಾರೆನ್ಸಿನಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಇಡೀ ಜಗತ್ತಿಗೆ ಆಕೆಯ ಮುಖ ಗೊತ್ತಾಗಿತ್ತು. ಈಗ ಗುಂಪು ಎಷ್ಟಾಗಿದೆ ಅಂದರೆ, 2025ರ ಜೂನ್‌ನಲ್ಲಿ ಜನಜಂಗುಳಿ ತಾಳಲಾರದೆ ಮ್ಯೂಸಿಯಂ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಮೊನಾಲಿಸಾಗೆ ಬೇರೆಯೇ ಕೋಣೆ ಕಟ್ಟುತ್ತೇವೆ ಅಂತ ಸರ್ಕಾರ ಅದೇ ವರ್ಷ ಹೇಳಿದೆ.

ಜನ ಜಾಸ್ತಿ ಅಂತ ನಾನು ದೂರುತ್ತಿಲ್ಲ. ನಮ್ಮ ಬೆಂಗಳೂರಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುತ್ತದಾ? ಆದರೂ ಅಲ್ಲಿ ಜನ ಬರೆದವರ ಎದುರಿಗೇ ನಿಂತು ‘ಇದು ಯಾವ ಊರಿನ ಕೆರೆ?’ ಅಂತ ಕೇಳುತ್ತಾರೆ. ಬೆಲೆ ಕೇಳಿ ಚೌಕಾಸಿ ಮಾಡುತ್ತಾರೆ. ಚೌಕಾಸಿ ಮಾಡಬೇಕಾದರೂ ಚಿತ್ರವನ್ನು ಸರಿಯಾಗಿ ನೋಡಲೇಬೇಕು ಅಲ್ವಾ?

ಮೊನಾಲಿಸಾದ ಎದುರು ಗೋಡೆಯ ಮೇಲೆ ಇಟಲಿಯ ಚಿತ್ರಕಾರ ವೆರೊನೇಸೆ 1563ರಲ್ಲಿ ಮುಗಿಸಿದ ಮದುವೆ ಊಟದ ಚಿತ್ರ ಇದೆ. ಲೂವ್ರ್‌ನಲ್ಲಿ ಅದಕ್ಕಿಂತ ದೊಡ್ಡ ವರ್ಣಚಿತ್ರ ಇಲ್ಲ. ಹೆಚ್ಚುಕಡಿಮೆ 7 ಮೀಟರ್ ಎತ್ತರ, 10 ಮೀಟರ್ ಅಗಲ. ನೆಪೋಲಿಯನ್ನನ ಸೈನ್ಯ 1797ರಲ್ಲಿ ವೆನಿಸ್ಸಿನ ಒಂದು ಮಠದ ಊಟದ ಮನೆಯಿಂದ ತುಂಡು ಮಾಡಿ ತಂದದ್ದು. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಥೆ. ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ನಡುವೆ ವಾದ್ಯದವರು, ಮೇಲೆ ಮಾಂಸ ಹೆಚ್ಚುವ ಅಡುಗೆಯವರು, ಮುಂದೆ ನಾಯಿಗಳು. ಮೇಜಿನ ಹತ್ತಿರ ಒಬ್ಬ ಹೆಂಗಸು ಯಾರ ಹಂಗೂ ಇಲ್ಲದೆ ಹಲ್ಲಿಗೆ ಕಡ್ಡಿ ಹಾಕುತ್ತಾ ಕೂತಿದ್ದಾಳೆ! ಮದುಮಗಳು ಎಲ್ಲಿ ಅಂತ ಪುಟ್ಟಿಗೇ ಹುಡುಕಲು ಬಿಡೋಣ. ನಡುವೆ ಇಲ್ಲ, ಒಂದು ತುದಿಯಲ್ಲಿದ್ದಾಳೆ. ನೀನು ಹೇಳಿಕೊಡಬೇಡ. ಇಷ್ಟು ದೊಡ್ಡ ಚಿತ್ರದ ಮುಂದೆ ಆರಾಮಾಗಿ ನಿಂತು ನೋಡಬಹುದು, ಎಲ್ಲರ ಕಣ್ಣೂ ಮೊನಾಲಿಸಾ ಕಡೆಗೇ ಇರುತ್ತದೆ.

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು, ಡಚ್ ಚಿತ್ರಕಾರ ವರ್ಮೀರ್ ಬರೆದ ಲೇಸ್ ಹೆಣೆಯುವ ಹುಡುಗಿ. ಬರೀ 24 ಸೆಂಟಿಮೀಟರ್ ಎತ್ತರ, 21 ಅಗಲ. ಹುಡುಗಿ ತಲೆ ಬಗ್ಗಿಸಿ ಕೆಲಸದಲ್ಲಿ ಮುಳುಗಿದ್ದಾಳೆ. ಅವಳ ಬೆರಳ ನಡುವಿನ ಎಳೆ ಕೂದಲಿನಷ್ಟು ತೆಳ್ಳಗೆ, ನೇರ. ಪಕ್ಕದ ದಿಂಬಿನಿಂದ ಇಳಿಬಿದ್ದ ಕೆಂಪು ದಾರ ಮಾತ್ರ ಕಲಸಿದಂತೆ, ಬಣ್ಣ ಹರಿದುಬಿಟ್ಟಂತೆ ಇದೆ. ಬೇಕೆಂದೇ ಹಾಗೆ ಬರೆದಿದ್ದಾನೆ, ನಮ್ಮ ಕಣ್ಣು ಆ ಬೆರಳಿಗೇ ಹೋಗಲಿ ಅಂತ. ಇದನ್ನು ಫೋಟೊದಲ್ಲಿ ಎಷ್ಟು ಸಲ ನೋಡಿದ್ದರೂ ಎದುರಿಗೆ ನಿಂತಾಗಲೇ ನನಗೆ ತಿಳಿದದ್ದು. ಅಮ್ಮ ಕ್ರೋಶ ಹಾಕುವಾಗ ಹೇಗೆ ಕೂರುತ್ತಾಳೋ ಈ ಹುಡುಗಿಯದೂ ಅದೇ ಭಂಗಿ. ಅಮ್ಮನಿಗೆ ಇದನ್ನು ಓದಿ ಹೇಳು.

ಫೋಟೊ ತೆಗೆಯಲೇಬೇಡಿ ಅಂತ ನಾನು ಹೇಳುವುದಿಲ್ಲ. ಲಿಂಡಾ ಹೆಂಕೆಲ್ ಅನ್ನುವ ಮನಶ್ಶಾಸ್ತ್ರಜ್ಞೆ ಮ್ಯೂಸಿಯಂನಲ್ಲೇ ಒಂದು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ವಸ್ತುವನ್ನು ಸುಮ್ನೆ ಫೋಟೊ ತೆಗೆದವರಿಗೆ, ಬರೀ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಒಂದು ಭಾಗವನ್ನೇ ಹತ್ತಿರ ಎಳೆದುಕೊಂಡು ತೆಗೆದವರಿಗೆ ಮಾತ್ರ ನೆನಪು ಕೆಡಲಿಲ್ಲ. ಹಾಗಾಗಿ ಪುಟ್ಟಿ ಮೊದಲು ನೋಡಲಿ, ಆಮೇಲೆ ತನಗೆ ಇಷ್ಟವಾದ ಒಂದು ಮೂಲೆಯನ್ನು ತೆಗೆಯಲಿ. ಆ ಹೆಂಗಸಿನ ಹಲ್ಲುಕಡ್ಡಿಯನ್ನೇ ತೆಗೆಯಲಿ, ತಪ್ಪೇನು?

ಮೊನಾಲಿಸಾಳನ್ನು ಅಲ್ಲೇ ಮನೆಯಲ್ಲಿ ಒಳ್ಳೆಯ ಮುದ್ರಣದಲ್ಲಿ ಒಮ್ಮೆ ತೋರಿಸಿರು. ಹಿಂದಿನ ಬೆಟ್ಟ, ನೀರು ಎಡಗಡೆ ಒಂದು ಮಟ್ಟದಲ್ಲಿವೆ, ಬಲಗಡೆ ಇನ್ನೊಂದು ಮಟ್ಟದಲ್ಲಿವೆ. ಬಲಕ್ಕೆ ಒಂದು ಸಣ್ಣ ಸೇತುವೆಯೂ ಇದೆ. ಕಟಕಟೆಯಿಂದ ಇದೆಲ್ಲ ಸರಿಯಾಗಿ ಕಾಣುವುದಿಲ್ಲ. ಒಂದು ದಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನ ಆರ್ಟ್ ಗ್ಯಾಲರಿಗೂ ಅವಳನ್ನು ಕರೆದುಕೊಂಡು ಹೋಗು. ಸೋಮವಾರ ರಜ. ಅವಳಿಗೆ ಹಿಡಿಸಿದ ಒಂದೇ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ, ಅವಸರ ಮಾಡಬೇಡ.

ಲೂವ್ರ್‌ಗೆ ಮಂಗಳವಾರ ರಜ. ಬುಧವಾರ, ಶುಕ್ರವಾರ ರಾತ್ರಿ 9ರ ತನಕ ತೆರೆದಿರುತ್ತದೆ, ನಾವು ಸಂಜೆಯೇ ಹೋಗೋಣ. 18 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಆದರೂ ಸಮಯ ಮೊದಲೇ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ಯಾವ ತಾರೀಕಿಗೆ ಇಳಿಯುತ್ತೀರಿ ಅಂತ ತಿಳಿಸು. ಪುಟ್ಟಿಗೆ ಒಂದು ಸಣ್ಣ ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ ಬ್ಯಾಗಿಗೆ ಹಾಕು. ಅಮ್ಮನ ಹತ್ತಿರ ಹುರಿಗಡಲೆ ಚಟ್ನಿಪುಡಿ ಮಾಡಿಸಿಕೊಂಡು ಬಾ, ಇಲ್ಲಿ ಖಾಲಿಯಾಗಿದೆ.

ಅಮ್ಮನಿಗೆ, ಭಾವನಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ