ಅಂಗಿಗೆ ಹಿಟ್ಟು ಮೆತ್ತಿಕೊಂಡು ಬಂದರೆ ಬೈಯಬೇಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ತಿಂಗಳ ಸಂಭ್ರಮ ಶನಿವಾರ (ಮಕ್ಕಳು ಪುಸ್ತಕದ ಚೀಲ ಇಲ್ಲದೆ ಬಂದು, ಮಾಡಿ ಕಲಿಯುವ ತಿಂಗಳ ಮೂರನೇ ಶನಿವಾರ) ಮುಗಿದ ಮೇಲೆ ಒಬ್ಬ ತಾಯಿ ನನ್ನ ಕೊಠಡಿಗೆ ಬಂದರು. "ಮೇಡಂ, ನನ್ ಮಗನ ಅಂಗಿ ತುಂಬ ಹಿಟ್ಟು. ಓದೋಕೆ ಅಂತ ಶಾಲೆಗೆ ಕಳಿಸ್ತೀವಿ, ರೊಟ್ಟಿ ತಟ್ಟೋಕಲ್ಲ" ಅಂದರು. ಅವರು ನೇರವಾಗಿ ಕೇಳಿದ್ದು ನನಗೆ ಇಷ್ಟವಾಯಿತು. ಇದೇ ಮಾತು ಇನ್ನೂ ಕೆಲವರ ಮನಸ್ಸಿನಲ್ಲಿ ಇರಬಹುದು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆವತ್ತು ಏನು ನಡೆಯಿತು ಅಂತ ಮೊದಲು ಹೇಳುತ್ತೇನೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇರುವುದಿಲ್ಲ. ತಣ್ಣೀರಲ್ಲಿ ಕಲಸಿದರೆ ತಟ್ಟುವಾಗ ಅಂಚು ಒಡೆಯುತ್ತದೆ. ಅದಕ್ಕೇ ಎಸರು ಕುದಿಸಿ ಹಾಕಿ ನಾದುವುದು. ನಿಮಗೆಲ್ಲ ಗೊತ್ತಿರುವ ವಿಷಯ. ನಾವು ಇದನ್ನು ಮೂರನೇ ತರಗತಿ ಮಕ್ಕಳಿಗೆ ಬೇಕೆಂದೇ ಹೇಳಲಿಲ್ಲ. ಅರ್ಧ ಮಕ್ಕಳಿಗೆ ತಣ್ಣೀರಲ್ಲಿ ಕಲಸಿದ ಹಿಟ್ಟು ಕೊಟ್ಟೆವು. ಉಳಿದವರಿಗೆ ಕುದಿನೀರಲ್ಲಿ ಕಲಸಿ, ಕೈ ಸುಡದಷ್ಟು ಆರಿಸಿದ ಹಿಟ್ಟು ಕೊಟ್ಟೆವು.

ಒಬ್ಬ ಹುಡುಗನ ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲೇ ಬಿರುಕು ಬಿಟ್ಟಿತು. ಬೆರಳು ಒದ್ದೆ ಮಾಡಿ ಅಂಟಿಸಿದ. ಮತ್ತೆ ಒಡೆಯಿತು. ಪೂರ್ತಿ ಮುದ್ದೆ ಮಾಡಿ ಮೊದಲಿಂದ ತಟ್ಟಿದ. ಮತ್ತೆ ಒಡೆಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪಕ್ಕದ ಹುಡುಗಿಯ ರೊಟ್ಟಿ ಮಾತ್ರ ಚೆನ್ನಾಗಿ ಅಗಲವಾಗುತ್ತಿತ್ತು. ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದ. ಅವಳ ಮುದ್ದೆಗೆ ಒಂದು ಬೆರಳು ಒತ್ತಿದ. "ಏ, ನಿಂದು ಬೆಚ್ಚಗೈತೆ!" ಅಂದ. ಆಮೇಲೆ ಟೀಚರ್ ಹತ್ತಿರ ಬಂದು ಬಿಸಿನೀರು ಕೇಳಿದ.

ಆ ಹುಡುಗ ಒದ್ದಾಡುತ್ತಿದ್ದಷ್ಟು ಹೊತ್ತೂ ನಮ್ಮ ಟೀಚರ್ ಪಕ್ಕದಲ್ಲೇ ನಿಂತಿದ್ದರು, ಆದರೆ ಕೈ ಹಾಕಲಿಲ್ಲ. ಅದು ಸುಲಭದ ಕೆಲಸ ಅಲ್ಲ. "ಕೊಡು ಇಲ್ಲಿ, ನಾ ಮಾಡ್ತೀನಿ" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ನಾವು ಹಾಗೆ ಕಿತ್ತುಕೊಂಡಿದ್ದರೆ ಆವತ್ತು ಒಂದು ಚಂದದ ರೊಟ್ಟಿ ಆಗುತ್ತಿತ್ತು. ಕೇಳಿ ತಿಳಿದ ಮಗು ನಾಳೆ ಮರೆಯಬಹುದು. ಬೆರಳು ಒತ್ತಿ ಕಂಡುಕೊಂಡಿದ್ದನ್ನು ಅವನು ಮರೆಯಲಾರ ಅಂತ ನನ್ನ ನಂಬಿಕೆ.

ಇನ್ನು ಓದಿನ ಮಾತು. ಒಂದು ಮಗು ಅಜ್ಜಿಯ ಹಿತ್ತಾಳೆ ಪಾವು ತಂದಿತ್ತು. ನಾಲ್ಕು ಪಾವು ಸೇರಿದರೆ ಒಂದು ಸೇರು. ಪಡ್ಡಿಗೆ ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ. ಹಾಗಾದರೆ ಮೂರು ಸೇರು ಅಕ್ಕಿಗೆ ಉದ್ದು ಎಷ್ಟು? ಬೋರ್ಡಿನ ಮೇಲೆ ಇಂಥ ಲೆಕ್ಕ ಕೊಟ್ಟರೆ ಸುಮ್ನೆ ಕೂರುವ ಮಕ್ಕಳು, ಅಕ್ಕಿ ಮುಂದಿಟ್ಟಾಗ ಅಳೆದು ಅಳೆದು ಉತ್ತರ ಹೇಳಿದರು. ಕಾಲು, ಅರ್ಧ, ಮುಕ್ಕಾಲು ಅನ್ನುವ ಮಾತಿಗೆ ಅವರಿಗೆ ಅರ್ಥ ಸಿಕ್ಕಿದ್ದು ಪಾವಿನಲ್ಲೇ.

ಮಕ್ಕಳ ಜೊತೆ ಬನ್ ಮಾಡಿದ ವಿಷಯವೂ ನಿಮಗೆ ಗೊತ್ತಾಗಬೇಕು. ಒವನ್ ನಮ್ಮಲ್ಲಿ ಇಲ್ಲ. ದಪ್ಪ ತಳದ ಪಾತ್ರೆಗೆ ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತೇವೆ. ಮೊದಲ ಸಲ ಬನ್ ಉಬ್ಬಲೇ ಇಲ್ಲ, ಕಲ್ಲಿನ ಹಾಗಾಯಿತು. ಈಸ್ಟ್ ನೆನೆಸುವ ನೀರನ್ನು ನಾನೇ ಜಾಸ್ತಿ ಬಿಸಿ ಮಾಡಿದ್ದೆ. ಈಸ್ಟ್ ಅಂದರೆ ಜೀವ ಇರುವ ಪದಾರ್ಥ. ಬೆರಳಿಗೆ ಹಿತವಾಗುವ ನೀರು ಅದಕ್ಕೂ ಹಿತ. 60 ಡಿಗ್ರಿ ಮುಟ್ಟಿದರೆ ಸತ್ತುಹೋಗುತ್ತದೆ. ತಪ್ಪು ನನ್ನದು ಅಂತ ಮಕ್ಕಳಿಗೆ ಹೇಳಿದೆ. ದೊಡ್ಡವರೂ ತಪ್ಪು ಮಾಡುತ್ತಾರೆ, ಒಪ್ಪಿಕೊಂಡು ಮತ್ತೆ ಮಾಡುತ್ತಾರೆ ಅನ್ನುವುದನ್ನು ಅವರು ನೋಡಲಿ ಅಂತಲೇ ಹೇಳಿದೆ.

ಎರಡನೇ ಸಲ ಹಿಟ್ಟು ಎಲ್ಲಿದೆಯೋ ಅಲ್ಲಿಗೆ ಪಾತ್ರೆಯ ಹೊರಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಅದರ ಮೇಲೆ ಎರಡು ಬೆರಳು ಬಿಟ್ಟು ಇನ್ನೊಂದು ಗೆರೆ ಎಳೆದೆವು. ಹಿಟ್ಟು ಮೇಲಿನ ಗೆರೆ ಮುಟ್ಟುವ ತನಕ ಕಾಯಬೇಕು. ಬಟ್ಟೆ ಎತ್ತಿ ಎತ್ತಿ ನೋಡಿದರೆ ತಣ್ಣಗಾಗುತ್ತದೆ, ಹಾಗಾಗಿ ಹದಿನೈದು ನಿಮಿಷಕ್ಕೆ ಒಬ್ಬರಂತೆ ನೋಡುವ ಪಾಳಿ. ಮೊಬೈಲ್ ಒತ್ತಿದ ಕೂಡಲೇ ಎಲ್ಲ ಸಿಗುವ ಕಾಲದಲ್ಲಿ ಆರು ವರ್ಷದ ಮಕ್ಕಳು ಒಂದು ಪಾತ್ರೆಗಾಗಿ ಒಂದೂಕಾಲು ಗಂಟೆ ಕಾದರು. "ಗೆರೆ ಮುಟ್ತು!" ಅಂತ ಒಬ್ಬಳು ಕೂಗಿದಾಗ ಪಕ್ಕದ ತರಗತಿಯವರೂ ಓಡಿ ಬಂದರು.

ನಮ್ಮ ಶಾಲೆಯ ಒಬ್ಬ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅವರನ್ನು ಕರೆದಿದ್ದೆವು. ಬರಲು ಸಂಕೋಚಪಟ್ಟರು, "ನಾನೇನ್ ಪಾಠ ಮಾಡ್ಲಿ ಮೇಡಂ" ಅಂದರು. ಬಂದ ಮೇಲೆ ಮಕ್ಕಳು ಬಿಡಲಿಲ್ಲ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಸಿಪ್ಪೆ ತೆಗೆಯುವುದು, ಅಕ್ಕಿಗೆ ಉಪ್ಪುನೀರು ಹಿಡಿಸುವುದು, ಕಾದ ಮರಳಲ್ಲಿ ಹುರಿಯುವುದು ಎಲ್ಲ ಹೇಳಿದರು. ಮರಳು ಕಾದಿದೆಯೋ ಇಲ್ಲವೋ ಅಂತ ನಾಲ್ಕು ಕಾಳು ಎಸೆದು ನೋಡುತ್ತಾರಂತೆ. ಕಾಳಿನ ಒಳಗಿನ ತೇವ ಆವಿಯಾಗಿ ಒಮ್ಮೆಲೇ ನುಗ್ಗುವುದರಿಂದ ಅಕ್ಕಿ ಅರಳುತ್ತದೆ ಅಂತ ವಿಜ್ಞಾನದ ಟೀಚರ್ ಮುಂದುವರಿಸಿದರು. ಆವತ್ತು ಆ ತಂದೆಯ ಮಗಳ ಮುಖ ನೀವು ನೋಡಬೇಕಿತ್ತು. ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು, ಎಲ್ಲರಿಗೂ "ನಮ್ಮಪ್ಪ" ಅಂತ ಹೇಳುತ್ತಿದ್ದಳು.

ಹುಡುಗರಿಗೆ ಯಾಕೆ ಇದೆಲ್ಲ ಅಂತ ಕೇಳಿದವರೂ ಇದ್ದಾರೆ. ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ ನೋಡಿ. ಕಾವಲಿ ಮುಂದೆ ಜಾಸ್ತಿ ನಿಂತಿರುವವರು ಯಾರು? ಸಂಜೆ ಗಾಡಿಯಲ್ಲಿ ಮಿರ್ಚಿ ಕರಿಯುವವರು? ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವವರು? ದುಡ್ಡಿಗೆ ಮಾಡಿದರೆ ಗಂಡಸರ ಕೆಲಸ, ಮನೆಯಲ್ಲಿ ಮಾಡಿದರೆ ಅಮ್ಮನ ಕೆಲಸ ಅಂತ ನಮ್ಮ ಹುಡುಗರು ಕಲಿಯುವುದು ನನಗೆ ಬೇಡ. ಈ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಬಿಸಿಯೂಟದ ಹೊತ್ತಿನಲ್ಲೂ ಒಂದು ಬದಲಾವಣೆ ಕಾಣುತ್ತಿದೆ. ಒಂದು ಶನಿವಾರ ಮಕ್ಕಳು ನಮ್ಮ ಅಡುಗೆಯಮ್ಮಂದಿರ ಜೊತೆ ಕೂತು ಬೇಳೆ ಆರಿಸಿದರು. ಕಲ್ಲು, ಕಡ್ಡಿ ತೆಗೆಯುತ್ತಾ ಅರ್ಧ ಗಂಟೆಯಲ್ಲಿ ಬೆನ್ನು ನೋವು ಅಂದರು. ಈಗ ತಟ್ಟೆಯಲ್ಲಿ ಅನ್ನ ಬಿಡುವುದು ಕಡಿಮೆಯಾಗಿದೆ. ಕೆಲವರು ತಟ್ಟೆ ತೊಳೆದಿಟ್ಟು "ಸಾರು ಚೆನ್ನಾಗಿತ್ತು ಅಮ್ಮ" ಅಂತ ಹೇಳಿ ಹೋಗುತ್ತಾರೆ. ಹಾಗೆ ಹೇಳಿ ಅಂತ ನಾವು ಯಾರೂ ಕಲಿಸಿರಲಿಲ್ಲ. ಕಾಯಕ, ದಾಸೋಹ ಅಂತ ಪುಸ್ತಕದಲ್ಲಿ ಓದುತ್ತೇವಲ್ಲ, ಅದು ಮಕ್ಕಳಿಗೆ ಹೀಗೂ ಸಿಗುತ್ತದೆ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ಮನೆಯಲ್ಲೂ ಒಂದು ಸಣ್ಣ ಕೆಲಸ ಮಗುವಿಗೆ ಬಿಟ್ಟುಕೊಡಿ. ಬಟಾಣಿ ಸುಲಿಯಲಿ, ಕೊತ್ತಂಬರಿ ಬಿಡಿಸಲಿ, ಶೇಂಗಾ ಸಿಪ್ಪೆ ತೂರಲಿ, ಮಂಡಕ್ಕಿಗೆ ಪುಟಾಣಿ ಪುಡಿ ಕಲಸಲಿ. ದಿನಾ ಬೆಳಗ್ಗೆ ಗಡಿಬಿಡಿಯಲ್ಲಿ ಆಗದು, ನನಗೂ ಗೊತ್ತು. ಭಾನುವಾರ ಸಾಕು. ನಿಧಾನ ಆಗುತ್ತದೆ, ಚೆಲ್ಲುತ್ತಾರೆ. ಚೆಲ್ಲಿದ್ದನ್ನು ಅವರ ಕೈಯಿಂದಲೇ ಒರೆಸಿ. ಆದರೆ ಕೆಲಸ ಮಾತ್ರ ಕಿತ್ತುಕೊಳ್ಳಬೇಡಿ. ಉಪ್ಪು ಜಾಸ್ತಿಯಾದರೂ ಒಂದು ತುತ್ತು ತಿಂದು ತೋರಿಸಿ.

ಜೋಪಾನದ ವಿಷಯ. ಒಂದರಿಂದ ಮೂರನೇ ತರಗತಿಯವರನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಬೇಯಿಸುವುದೆಲ್ಲ ಟೀಚರುಗಳೇ. ನಾಲ್ಕು, ಐದರವರು ಮೊಂಡು ಚಾಕುವಿನಲ್ಲಿ ಬಾಳೆಹಣ್ಣು, ಸೌತೆಕಾಯಿ ಹೆಚ್ಚುತ್ತಾರೆ. ಶುಕ್ರವಾರ ಉಗುರು ಕತ್ತರಿಸಿ, ಶನಿವಾರ ಹಳೆ ಅಂಗಿ ಹಾಕಿ ಕಳಿಸಿ. ಶೇಂಗಾ, ಹಾಲು, ಗೋಧಿ, ಹೀಗೆ ಯಾವುದಾದರೂ ನಿಮ್ಮ ಮಗುವಿಗೆ ಆಗಿಬರದಿದ್ದರೆ ದಯವಿಟ್ಟು ಚೀಟಿ ಬರೆದು ಕಳಿಸಿ, ಅಥವಾ ಬಂದು ಹೇಳಿ. ಇದನ್ನು ಮಾತ್ರ ಮರೆಯಬೇಡಿ.

ಬರುವ ಮೂರನೇ ಶನಿವಾರ ಪಡ್ಡು. ಹಿಟ್ಟನ್ನು ಶುಕ್ರವಾರ ಮಧ್ಯಾಹ್ನವೇ ರುಬ್ಬಿಡುತ್ತೇವೆ. ಚಳಿ ಶುರುವಾಗಿದೆ, ಹುಳಿ ಬರುವುದು ತಡ. ಅದಕ್ಕೆ ಪಾತ್ರೆಗೆ ಚಳ್ಳಕೆರೆ ಕಂಬಳಿ ಹೊದಿಸಿ ಇಡುವ ಯೋಚನೆ ಇದೆ. ಐದನೇ ತರಗತಿಯವರು ಲೆಕ್ಕ ಹಾಕಿದ್ದಾರೆ: 60 ಮಕ್ಕಳಿಗೆ ತಲಾ 5, ಒಟ್ಟು 300 ಪಡ್ಡು. ನಮ್ಮಲ್ಲಿರುವುದು 12 ಗುಳಿಯ ಎರಡು ಹಂಚು. ಅಂದರೆ 13 ಸಲ ಹುಯ್ಯಬೇಕು, ಸಲಕ್ಕೆ ಆರು ನಿಮಿಷವಾದರೂ ಬೇಕು. ಇನ್ನೆರಡು ಹಂಚು ಸಿಕ್ಕರೆ 7 ಸಲಕ್ಕೆ ಮುಗಿಯುತ್ತದೆ. ನಿಮ್ಮ ಮನೆಯಲ್ಲಿ ಹಂಚಿದ್ದರೆ ಹಿಡಿಗೆ ಹೆಸರು ಬರೆದ ಚೀಟಿ ಕಟ್ಟಿ ಶುಕ್ರವಾರವೇ ಕಳಿಸಿಕೊಡಿ. ತೊಳೆದು, ಎಣ್ಣೆ ಸವರಿ ವಾಪಸ್ ಕೊಡುತ್ತೇವೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಡುವಿದ್ದವರು ಬನ್ನಿ, ತಾಯಂದಿರಷ್ಟೇ ಅಲ್ಲ, ತಂದೆಯರೂ ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ದಾವಣಗೆರೆ ತಾಲ್ಲೂಕು