ಆಗುಂಬೆ ಇಳಿಯುವ ಮೊದಲು ಓದು

ಪುಟ್ಟಿ,

ನಿನ್ನ ಕಾರನ್ನು ನಿನ್ನನ್ನು ಕೇಳದೆ ಗ್ಯಾರೇಜಿಗೆ ಕಳಿಸಿದೆ ಅಂತ ನಿನ್ನೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದೀಯ. ಕೇಳಬೇಕಿತ್ತು, ಸರಿ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅಲ್ವಾ? ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೊರಡುವವಳು ನೀನು. ಎದುರಿಗೆ ಕೂತು ಹೇಳಿದರೆ ಮತ್ತೆ ಜಗಳವೇ. ಅದಕ್ಕೆ ಬರೆದು ಇನ್ಶೂರೆನ್ಸ್ ಕಾಗದದ ಜೊತೆ ಇಟ್ಟಿದ್ದೇನೆ.

ಬದಲಾಯಿಸಿದ್ದು ಬ್ರೇಕ್ ಆಯಿಲ್ ಒಂದೇ. ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನವರು ಅದನ್ನು ಯಾವಾಗ ಬದಲಾಯಿಸಿದ್ದರೋ, ಸರ್ವಿಸ್ ಪುಸ್ತಕದಲ್ಲಿ ಬರೆದಿಲ್ಲ. ಬಾನೆಟ್ ಎತ್ತಿ ನೋಡಿದರೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆ ಆಯಿಲ್ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಪಸೆಗೇನು ಬರವೇ! ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಲು ಕಮ್ಮಿ ಅಂದರೂ 230 ಡಿಗ್ರಿ ಬೇಕು. ನೀರು ಸೇರಿದರೆ 155ರ ಆಸುಪಾಸಿಗೇ ಕುದಿಯಬಹುದು. ಬ್ರೇಕ್ ಒತ್ತಿಯೇ ಇಳಿದರೆ ಆ ಬಿಸಿಗೆ ಕುದ್ದು ಪೈಪಿನಲ್ಲಿ ಆವಿ ತುಂಬುತ್ತದೆ, ಕಾಲಿಟ್ಟರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸು ಅನ್ನುವುದು ಇದಕ್ಕೇ.

ನಿನ್ನ ದೊಡ್ಡಮಾವನ ಅಂಬಾಸಿಡರ್‌ನಲ್ಲಿ ಉಡುಪಿಗೆ ಮದುವೆಗೆ ಹೋಗಿದ್ದು ನಿನಗೆ ನೆನಪಿಲ್ಲ. ನನ್ನ ಮಡಿಲಲ್ಲಿ ನಿದ್ದೆ ಹೊಡೆಯುತ್ತಿದ್ದೆ. ಆಗುಂಬೆ ದಾಟಿದ್ದೇ ಮಾವ ನ್ಯೂಟ್ರಲ್ಲಿಗೆ ಹಾಕಿದರು. ಇಳಿಜಾರಿನಲ್ಲಿ ಪೆಟ್ರೋಲ್ ಯಾಕೆ ದಂಡ ಅಂತ ಅವರ ಲೆಕ್ಕ. ಮೇಲಿಂದ ಬ್ರೇಕ್ ಮೇಲಿಟ್ಟ ಕಾಲು ತೆಗೆಯಲೇ ಇಲ್ಲ. ಕಮರು ವಾಸನೆ ಶುರುವಾಯಿತು. ಅಜ್ಜಿ, ‘ಯಾರೋ ಹಳೇ ಟೈರ್ ಸುಡ್ತಿದಾರೆ’ ಅಂತ ಕಿಟಕಿ ಏರಿಸಿಬಿಟ್ಟರು. ಮುಂದಿನ ಸೀಟಿನಲ್ಲಿ ನಾನೇ ಇದ್ದೆ. ಮಾವನ ಹವಾಯಿ ಚಪ್ಪಲಿ ಪೆಡಲ್ ಸಮೇತ ತಳಕ್ಕೆ ಹೋಗಿ ಕೂತಿದ್ದನ್ನು ನೋಡಿದೆ. ಅವರು ಹೇಗೋ ಗೇರಿಗೆ ಹಾಕಿ, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ನೀನು ಎದ್ದೂ ಇರಲಿಲ್ಲ.

ಆದರೆ ಕೇಳು. ಗಾಡಿ ತಣ್ಣಗಾದ ಮೇಲೆ ಅದೇ ಬ್ರೇಕ್ ಗಟ್ಟಿಯಾಗಿ ಹಿಡಿಯಿತು. ಉಡುಪಿಯಲ್ಲಿ ಮೆಕ್ಯಾನಿಕ್ ಬಿಚ್ಚಿ ನೋಡಿ, ‘ಎಲ್ಲಾ ಸರಿ ಉಂಟಲ್ಲ’ ಅಂದ. ಏನಾದರೂ ಮುರಿದಿದ್ದರೆ ರಿಪೇರಿ ಮಾಡಿಸಿ ನೆಮ್ಮದಿಯಾಗಿ ಇರುತ್ತಿದ್ದೆ. ಮುರಿದಿದ್ದು ಏನೂ ಇಲ್ಲ, ಬರೀ ಬಿಸಿ. ನನಗೆ ಇವತ್ತಿಗೂ ಹೆದರಿಕೆ ಆಗುವುದು ಇದಕ್ಕೇ. ಚೆನ್ನಾಗಿರುವ ಬ್ರೇಕೂ ಘಾಟಿಯಲ್ಲಿ ಕೈಕೊಡುತ್ತದೆ.

ಅದಕ್ಕೆ ನಾಳೆ ಸೂರ್ಯಾಸ್ತ ನೋಡುವ ಜಾಗ ಬರುವ ಮೊದಲೇ ಎರಡನೇ ಗೇರಿಗೆ ಬಾ. 14 ಹೇರ್‌ಪಿನ್ ತಿರುವು ಮುಗಿಯುವವರೆಗೂ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿರಲಿ. ತಿರುವಿಗೆ ಮೊದಲು ಬ್ರೇಕ್ ಒತ್ತಿ ವೇಗ ಇಳಿಸು, ಕಾಲು ತೆಗೆ. ಸುಮ್ನೆ ಪೆಡಲ್ ಮೇಲೆ ಕಾಲಿಟ್ಟುಕೊಂಡು ಇಳಿಯಬೇಡ. ಪೆಟ್ರೋಲ್ ಚಿಂತೆಯೂ ಬೇಡ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಖರ್ಚು. ಮಾವ ಇದನ್ನು ಈಗಲೂ ನಂಬುವುದಿಲ್ಲ, ಬಿಡು. ಇಳಿಜಾರಿನಲ್ಲಿ ಎಂಜಿನ್ ಮಾತ್ರ ಆಫ್ ಮಾಡಬೇಡ. ಪೆಡಲ್ ಒತ್ತಲು ಬಲ ಕೊಡುವ ಬೂಸ್ಟರ್ ಎರಡು ಮೂರು ಸಲಕ್ಕೆ ಖಾಲಿ, ಆಮೇಲೆ ಪೆಡಲ್ ಕಲ್ಲು.

‘ಗೊತ್ತಮ್ಮ’ ಅನ್ನುತ್ತೀಯ. ನಿನಗೆ ಲೈಸೆನ್ಸ್ ಕೊಡಿಸಿದ ಡ್ರೈವಿಂಗ್ ಸ್ಕೂಲಿನವರು ಶಿವಮೊಗ್ಗದ ಮಟ್ಟಸ ರಸ್ತೆಯಲ್ಲೇ ಕಲಿಸಿದ್ದು. ಘಾಟಿ ತೋರಿಸಲಿಲ್ಲವಲ್ಲ.

ಪುನರ್ವಸು ಮಳೆ ಬೇರೆ ಹಿಡಿದಿದೆ. ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ಕಾಲಿನಡಿ ಗಡಗಡ ಅಂದರೆ ಹೆದರಿ ಕಾಲು ಎತ್ತಬೇಡ. ಅದು ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುವ ರೀತಿ, ಒತ್ತಿಯೇ ಇರು. ನೀರು ನಿಂತ ಕಡೆ ದಾಟಿದ ಮೇಲೆ ಮೆಲ್ಲಗೆ ಒಂದೆರಡು ಸಲ ಬ್ರೇಕ್ ಒತ್ತು, ಒಣಗುತ್ತದೆ. ಮೇಲೆ ಹತ್ತುವ ಗಾಡಿಗೆ ಜಾಗ ಬಿಡು. ಘಾಟಿ ಇಳಿದು ಹೆಬ್ರಿ ಕಡೆ ರಸ್ತೆ ನೇರವಾದಾಗ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ನನಗೆ ಗೊತ್ತು. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ.

ಆ ಕಮರು ವಾಸನೆ ಬಂತು ಅಂದರೆ ಕಿಟಕಿ ಏರಿಸಬೇಡ. ಅಗಲ ಇರುವ ಕಡೆ, ಬೆಟ್ಟದ ಬದಿಗೆ ನಿಲ್ಲಿಸು. ಗೇರಿನಲ್ಲಿಡು, ಚಕ್ರಕ್ಕೆ ಕಲ್ಲು ಕೊಡು. ಅರ್ಧ ಗಂಟೆ ಹೋಗಲಿ, ಆಫೀಸಿನವರು ಏನೂ ಅನ್ನುವುದಿಲ್ಲ. ಬಿಸಿ ಚಕ್ರಕ್ಕೆ ನೀರು ಸುರಿಯಬೇಡ.

ನಿನ್ನ ಸಂಬಳದಲ್ಲೇ ಕಾರು ತಗೊಂಡೆ. ನಿನ್ನ ವಯಸ್ಸಿನಲ್ಲಿ ನಾನು ಲೂನಾ ಕೂಡ ಮುಟ್ಟಿರಲಿಲ್ಲ. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಇದನ್ನು ನಿನಗೆ ಹೇಳಿರಲಿಲ್ಲ ಅಷ್ಟೆ. ನಂಬಿಕೆ ಇಲ್ಲದೆ ಗ್ಯಾರೇಜಿಗೆ ಕಳಿಸಿದ್ದಲ್ಲ, ಪುಟ್ಟಿ.

ಇನ್ನೊಂದು. ಗ್ಯಾರೇಜಿನ ಹುಡುಗ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ ಅಂದ. ತೀರ್ಥಹಳ್ಳಿಯಲ್ಲೇ ತುಂಬಿಸಿಕೋ, ಮೇಗರವಳ್ಳಿ ದಾಟಿದ ಮೇಲೆ ಹುಡುಕಬೇಡ. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಲ್ಲಿಸಿ ಫೋನ್ ಮಾಡು. ಓಡಿಸುತ್ತಾ ಮಾಡಿದರೆ ನಾನು ಎತ್ತುವುದಿಲ್ಲ.

ಅಮ್ಮ